ಹಳೆಯ ಊರಿನಲ್ಲಿ ಹೊಸ ಹಾಸ್ಟೆಲ್: ಬೀದರಿನ ಮದ್ರಸಾ ಕಲಿಸುವ ಪಾಠ



ಮಗುವಿನ ಓದಿಗೆ ಶುಲ್ಕದ ಹಣ ಎಷ್ಟು ಮುಖ್ಯವೋ, ನೆಮ್ಮದಿಯಾಗಿ ಮಲಗಿ ಎದ್ದು ಓದಲು ಒಂದು ಜಾಗವೂ ಅಷ್ಟೇ ಮುಖ್ಯ. ಬೀದರ್, ಕಲಬುರಗಿ, ರಾಯಚೂರಿನ ಮಕ್ಕಳು ಓದಿಗೆಂದು ವರ್ತೂರು, ವೈಟ್‌ಫೀಲ್ಡ್ ಕಡೆಗೆ ಬಂದು ಪಿ.ಜಿ. ಹುಡುಕುತ್ತಾರೆ. ನೀಟ್ ಪರೀಕ್ಷೆಯ ತಯಾರಿಗೆಂದು ರಾಜ್ಯದ ನಾನಾ ಕಡೆಯ ಮಕ್ಕಳು ಬೀದರಿಗೆ ಹೋಗಿ ಹಾಸ್ಟೆಲ್‌ಗಳಲ್ಲಿ ಇರುತ್ತಾರೆ. ಹೀಗಾಗಿ "ಒಂದು ಹಾಸ್ಟೆಲ್ ಕಟ್ಟಿಸೋಣ" ಎಂಬ ಮಾತು ದಾನಿಗಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ. ಒಳ್ಳೆಯ ಮಾತು. ಆದರೆ ಹಾಸ್ಟೆಲ್ ಎಂದರೆ ಒಮ್ಮೆ ಕೊಟ್ಟು ಮುಗಿಯುವ ದಾನವಲ್ಲ. ಕಟ್ಟಡ ನಿಂತ ದಿನದಿಂದ ಅದರ ಕರೆಂಟು, ನೀರು, ರಿಪೇರಿಯ ಖರ್ಚು ಶುರುವಾಗುತ್ತದೆ, ಮುಂದಿನ ಐವತ್ತು ವರ್ಷ ನಡೆಯುತ್ತದೆ. ಆ ಖರ್ಚು ಎಷ್ಟಾಗಬೇಕು ಎಂಬುದು ಬಹುಪಾಲು ನಕ್ಷೆ ಬರೆಯುವ ದಿನವೇ ತೀರ್ಮಾನವಾಗಿಬಿಡುತ್ತದೆ.

ಈ ಪಾಠಕ್ಕೆ ಬೀದರಿನ ಹಳೆಯ ಊರನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಕಾರಣ ಎರಡು. ನಮ್ಮ ನಾಡಿನ ಅತಿ ಪ್ರಸಿದ್ಧ ವಿದ್ಯಾರ್ಥಿನಿಲಯಗಳಲ್ಲೊಂದು ಅಲ್ಲೇ ಇದೆ. ಅದರ ಸುತ್ತಮುತ್ತ ಇಂದು ಹಾಸ್ಟೆಲ್ ಕಟ್ಟಬೇಕೆಂದರೆ ಸ್ಮಾರಕ ರಕ್ಷಣೆಯ ಕಾನೂನನ್ನು ತಿಳಿದೇ ಕಟ್ಟಬೇಕು.

ಮಹಮೂದ್ ಗಾವಾನರ ವಿದ್ಯಾರ್ಥಿನಿಲಯ

ಪರ್ಷಿಯಾದ ಗಿಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದ ಮಹಮೂದ್ ಗಾವಾನರು 1472ರಲ್ಲಿ ಬೀದರಿನಲ್ಲಿ ಈ ಮದ್ರಸಾ ಕಟ್ಟಿಸಿದರು. ಮೂರು ಅಂತಸ್ತಿನ ಈ ಕಟ್ಟಡದಲ್ಲಿ ಮಸೀದಿ, ಗ್ರಂಥಾಲಯ, ಪಾಠದ ಹಜಾರಗಳು, ಗುರುಗಳ ವಸತಿ, ವಿದ್ಯಾರ್ಥಿಗಳ ಕೋಣೆಗಳು ಎಲ್ಲವೂ ಒಂದೇ ಸೂರಿನಡಿ ಇದ್ದವು. ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳಿಗೆ 6 ವಸತಿ. ಗ್ರಂಥಾಲಯದಲ್ಲಿ 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 1481ರಲ್ಲಿ ಅರಮನೆಯ ಪಿತೂರಿಗೆ ಸಿಕ್ಕಿ ಗಾವಾನರು ಮರಣದಂಡನೆಗೆ ಗುರಿಯಾದರು. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಹಾಳಾಯಿತು. ಮುಂಭಾಗದ ಎರಡು ಮಿನಾರ್‌ಗಳಲ್ಲಿ ಒಂದೇ ಉಳಿದಿದೆ. ಅದರ ಮೈಮೇಲಿನ ನೀಲಿ ಹಂಚಿನ ಕೆಲಸ ಅಲ್ಲಲ್ಲಿ ಇಂದಿಗೂ ಕಾಣುತ್ತದೆ.

ನೋಡಲು ಹೋದವರು ಮಿನಾರ್ ನೋಡಿ ಬರುತ್ತಾರೆ. ಹಾಸ್ಟೆಲ್ ಕಟ್ಟುವವರು ನೋಡಬೇಕಾದದ್ದು ಅದರ ಅಂಗಳ. ಕಟ್ಟಡದ ಅಳತೆ ಸುಮಾರು 205 ಅಡಿ ಉದ್ದ, 180 ಅಡಿ ಅಗಲ. ನಡುವಿನ ತೆರೆದ ಅಂಗಳ ಸುಮಾರು 100 ಅಡಿ ಚೌಕ. ಗುಣಿಸಿ ನೋಡಿ: 36,900 ಚದರ ಅಡಿಯಲ್ಲಿ 10,000 ಚದರ ಅಡಿ ಆಕಾಶಕ್ಕೆ ಬಿಟ್ಟಿದ್ದಾರೆ, ಅಂದರೆ ಕಾಲು ಭಾಗಕ್ಕಿಂತ ಹೆಚ್ಚು. ಇವತ್ತಿನ ಲೆಕ್ಕದಲ್ಲಿ ಇದು "ವ್ಯರ್ಥವಾದ ಜಾಗ". ಆ ಜಾಗವೇ ಸುತ್ತಲಿನ ಕೋಣೆಗಳಿಗೆ ಬೆಳಕು ಮತ್ತು ಗಾಳಿ ಕೊಟ್ಟಿತು. ಆಗ ಫ್ಯಾನ್ ಇರಲಿಲ್ಲ, ಬಲ್ಬ್ ಇರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ ಮಕ್ಕಳು ಓದಬೇಕಿತ್ತು. ಕಟ್ಟಡವೇ ಆ ಕೆಲಸ ಮಾಡಬೇಕಿತ್ತು.

ಕಾನೂನು ಏನು ಹೇಳುತ್ತದೆ?

ಈ ಮದ್ರಸಾ ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದಕ್ಕೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ. ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗಡಿಯಿಂದ, ಮಿನಾರ್‌ನಿಂದಲ್ಲ ಎಂಬುದನ್ನು ಗಮನಿಸಿ.

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಉದ್ದೇಶ ಧರ್ಮಾರ್ಥವಾದರೂ ವಿನಾಯಿತಿ ಇಲ್ಲ. ಆದರೆ 1992ರ ಜೂನ್ 16ಕ್ಕೂ ಮುಂಚಿನಿಂದ ಅಲ್ಲಿರುವ ಕಟ್ಟಡದ ಮಾಲೀಕರು ದುರಸ್ತಿ ಮತ್ತು ನವೀಕರಣಕ್ಕೆ ಅನುಮತಿ ಕೇಳಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟುವುದಕ್ಕೂ ಅನುಮತಿ ಕೇಳಬಹುದು. ಅರ್ಜಿ ಸಲ್ಲಬೇಕಾದದ್ದು ರಾಜ್ಯಕ್ಕೆ ನೇಮಕಗೊಂಡ ಸಕ್ಷಮ ಪ್ರಾಧಿಕಾರಿಗೆ. ಅವರು 15 ದಿನದೊಳಗೆ ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳೊಳಗೆ ತನ್ನ ತೀರ್ಮಾನ ತಿಳಿಸಬೇಕು. ಆಮೇಲೆ ಒಂದು ತಿಂಗಳಲ್ಲಿ ಅನುಮತಿ ಕೊಡಬೇಕು ಇಲ್ಲವೇ ನಿರಾಕರಿಸಬೇಕು. ಕಾಗದದ ಮೇಲಿನ ಲೆಕ್ಕವೇ ಮೂರೂವರೆ ತಿಂಗಳು. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಟ್ಟಿದ ಗೋಡೆಯೂ ಉಳಿಯುವ ಭರವಸೆ ಇಲ್ಲ.

ಮನೆ ಕಟ್ಟಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ದಾನದ ಹಣದಲ್ಲಿ ಕಟ್ಟುವವರು ಇನ್ನೂ ಎಚ್ಚರದಿಂದಿರಬೇಕು. ನಿವೇಶನಕ್ಕೆ ಮುಂಗಡ ಕೊಡುವ ಮೊದಲೇ ಅದು 100 ಮೀಟರ್ ಒಳಗೋ, 300 ಮೀಟರ್ ಒಳಗೋ, ಹೊರಗೋ ಎಂದು ಬರಹದಲ್ಲಿ ತಿಳಿದುಕೊಳ್ಳಬೇಕು. ಬೀದರ್ ಊರಿನಲ್ಲಿ ಸ್ಮಾರಕಗಳು ಒಂದಲ್ಲ, ಹಲವು. ಒಂದರಿಂದ ದೂರವಾದ ನಿವೇಶನ ಇನ್ನೊಂದಕ್ಕೆ ಹತ್ತಿರವಾಗಿರಬಹುದು.

ಕೆಡವದೆ ಉಳಿಸಿಕೊಳ್ಳುವುದು

ಇಂಥ ಕಡೆ ಮೊದಲು ಕೇಳಬೇಕಾದ ಪ್ರಶ್ನೆ, ಹೊಸದು ಕಟ್ಟಲೇಬೇಕೇ ಎಂಬುದು. ಗಟ್ಟಿಮುಟ್ಟಾದ ಹಳೆಯ ಮನೆ ಸಿಕ್ಕಿದರೆ ಅದನ್ನೇ ಹಾಸ್ಟೆಲ್ ಮಾಡಿಕೊಳ್ಳುವುದು ಕಾನೂನಿಗೂ ಸುಲಭ, ಶಕ್ತಿಯ ಲೆಕ್ಕದಲ್ಲೂ ಲಾಭ. ಇಟ್ಟಿಗೆ ಸುಡುವುದಕ್ಕೆ, ಸಿಮೆಂಟ್ ತಯಾರಿಸುವುದಕ್ಕೆ, ಉಕ್ಕು ಕರಗಿಸುವುದಕ್ಕೆ ಬೇಕಾದ ಬೆಂಕಿ ಎಲ್ಲವೂ ಉಳಿಯುತ್ತದೆ. ನಿಂತಿರುವ ಗೋಡೆ ಎಂದರೆ ಆಗಲೇ ಖರ್ಚಾಗಿ ಹೋದ ಶಕ್ತಿ. ಅದನ್ನು ಕೆಡವಿದರೆ ಆ ಖರ್ಚನ್ನು ಮತ್ತೊಮ್ಮೆ ಮಾಡಬೇಕು.

ಬೀದರ್ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ದಪ್ಪ ಕಲ್ಲಿನ ಗೋಡೆ, ಸುಣ್ಣದ ಗಾರೆ ಅಲ್ಲಿನ ಹಳೆಯ ಕಟ್ಟಡಗಳ ರೀತಿ. ದುರಸ್ತಿ ಮಾಡುವವರು ಅವಸರದಲ್ಲಿ ಸಿಮೆಂಟ್ ಗಾರೆ ಬಳಿಯುತ್ತಾರೆ. ಸುಣ್ಣದ ಗಾರೆ ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟ್ ಗಾರೆ ಅದನ್ನು ಒಳಗೇ ಕೂಡಿಹಾಕುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಉಬ್ಬಿ ಉದುರುತ್ತದೆ, ಕೋಣೆಯಲ್ಲಿ ಬೂಷ್ಟಿನ ವಾಸನೆ ಬರುತ್ತದೆ. ಕಲ್ಲಿನ ಗೋಡೆಗೆ ಸುಣ್ಣವೇ ಸರಿ. ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯ ಕೂಲಿ ಹೆಚ್ಚು ಎನಿಸಿದರೂ ಮುಂದೆ ಅದೇ ಅಗ್ಗ.

ಸೂರ್ಯನ ದಾರಿ

ಶಾಲೆಯ ಭೂಗೋಳದ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೀದರ್ ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ವರ್ತೂರು ಸುಮಾರು 13 ಡಿಗ್ರಿಯಲ್ಲಿ. ವರ್ತೂರಿನಲ್ಲಿ ಏಪ್ರಿಲ್ 24ರ ಆಸುಪಾಸು, ಬೀದರಿನಲ್ಲಿ ಮೇ 12ರ ಆಸುಪಾಸು ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆದ್ದರಿಂದ ಬೇಸಿಗೆಯಲ್ಲಿ ಅತಿ ಹೆಚ್ಚು ಕಾಯುವುದು ತಾರಸಿ. ಅದರ ನಂತರ ಪೂರ್ವ ಮತ್ತು ಪಶ್ಚಿಮದ ಗೋಡೆಗಳು. ಬೆಳಿಗ್ಗೆ ಮತ್ತು ಸಂಜೆಯ ಬಿಸಿಲು ಓರೆಯಾಗಿ ಬೀಳುವುದರಿಂದ ಸಜ್ಜಾ ಅದನ್ನು ತಡೆಯಲಾರದು. ದಕ್ಷಿಣದ ಗೋಡೆಯ ಮೇಲೆ ಬೀಳುವ ಮಧ್ಯಾಹ್ನದ ಬಿಸಿಲು ಎತ್ತರದಿಂದ ಬರುತ್ತದೆ, ಅದನ್ನು ಎರಡಡಿಯ ಸಜ್ಜಾ ಬಹುಮಟ್ಟಿಗೆ ತಡೆಯುತ್ತದೆ.

ಇದರಿಂದ ಬರುವ ನಿಯಮಗಳು ಸರಳ. ಮಲಗುವ ಕೋಣೆಗಳ ಕಿಟಕಿ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇರಲಿ. ಪಶ್ಚಿಮದ ಕಡೆ ಮೆಟ್ಟಿಲು, ಉಗ್ರಾಣ, ಸ್ನಾನದ ಮನೆ ಬರಲಿ. ಬಿಸಿಲನ್ನು ಅವು ತಡೆದುಕೊಳ್ಳಲಿ. ತಾರಸಿಗೆ ಬಿಳಿ ಹಂಚಿನ ಚೂರು ಹಾಸಲಿ ಅಥವಾ ಬಿಳಿ ಲೇಪನ ಹಚ್ಚಲಿ.

ದಪ್ಪ ಗೋಡೆಯ ಬಗ್ಗೆ ಒಂದು ಎಚ್ಚರಿಕೆಯ ಮಾತು. ದಪ್ಪ ಗೋಡೆ ಶಾಖವನ್ನು ಇಲ್ಲವಾಗಿಸುವುದಿಲ್ಲ, ತಡಮಾಡುತ್ತದೆ. ಮಧ್ಯಾಹ್ನ ಹೊರಗೆ ಬಿದ್ದ ಬಿಸಿ ಒಳಗೆ ತಲುಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಕಚೇರಿಗೆ ಅದು ಲಾಭ, ಹಾಸ್ಟೆಲ್‌ಗೆ ಹಾಗಲ್ಲ, ಯಾಕೆಂದರೆ ಮಕ್ಕಳು ಮಲಗುವುದೇ ರಾತ್ರಿ. ಮೇಲಂತಸ್ತಿನ ಪಿ.ಜಿ. ಕೋಣೆಯಲ್ಲಿ ಮಲಗಿದ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ, ರಾತ್ರಿ ಹತ್ತು ಗಂಟೆಗೂ ಚಾವಣಿ ಬಿಸಿ ಕಕ್ಕುತ್ತಿರುತ್ತದೆ ಎಂದು. ಹಾಗಾಗಿ ದಪ್ಪ ಗೋಡೆಯ ಜೊತೆಗೆ ರಾತ್ರಿಯ ತಂಪು ಗಾಳಿ ಕೋಣೆಯಲ್ಲಿ ಹಾದುಹೋಗುವ ದಾರಿ ಇರಲೇಬೇಕು. ಒಂದು ಕಡೆ ಕಿಟಕಿ, ಎದುರು ಕಡೆ ಅಂಗಳಕ್ಕೆ ಅಥವಾ ಪಡಸಾಲೆಗೆ ತೆರೆಯುವ ಗವಾಕ್ಷಿ. ಗಾವಾನರ ಅಂಗಳದ ಗುಟ್ಟು ಇದೇ.

ಕಿಟಕಿ ಎಷ್ಟು ದೊಡ್ಡದಿರಬೇಕು? ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಮನೆಗಳಿಗಾಗಿ ಹೊರತಂದ 'ಇಕೋ ನಿವಾಸ್ ಸಂಹಿತಾ'ದಲ್ಲಿ ಇದಕ್ಕೊಂದು ಅಳತೆ ಇದೆ. ಗಾಳಿಗೆ ತೆರೆಯುವ ಭಾಗ ನೆಲದ ವಿಸ್ತೀರ್ಣದ ಶೇ. 10ರಷ್ಟಾದರೂ ಬಿಸಿ ಒಣ ಹವೆಯ ಊರುಗಳಲ್ಲಿ ಇರಬೇಕು; ಬೆಂಗಳೂರಿನಂಥ ಸಮಶೀತೋಷ್ಣ ಊರಿನಲ್ಲಿ ಶೇ. 12.5. ಇದನ್ನು ಹಾಸ್ಟೆಲ್‌ಗೂ ಅಳತೆಗೋಲಾಗಿ ಬಳಸಬಹುದು. 120 ಚದರ ಅಡಿಯ ಕೋಣೆಗೆ ಬೆಂಗಳೂರಿನಲ್ಲಿ 15 ಚದರ ಅಡಿ. ಇಲ್ಲಿ ಮೋಸ ಹೋಗಬೇಡಿ: ಎರಡು ಹಳಿಯ ಸರಿಯುವ ಕಿಟಕಿ ಅರ್ಧವಷ್ಟೇ ತೆರೆಯುತ್ತದೆ. 15 ಚದರ ಅಡಿಯ ಸ್ಲೈಡಿಂಗ್ ಕಿಟಕಿ ಹಾಕಿದರೆ ಗಾಳಿಗೆ ಸಿಗುವುದು ಏಳೂವರೆ ಮಾತ್ರ.

ಹೆಣ್ಣುಮಕ್ಕಳ ಹಾಸ್ಟೆಲ್ ಎಂದರೆ ತಾಯ್ತಂದೆಯರು ಮೊದಲು ಕೇಳುವುದು ಮರೆಯ ಬಗ್ಗೆ. ಆ ಕಾಳಜಿ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರವೆಂದು ಕಿಟಕಿ ಮುಚ್ಚಿ ಮೊಳೆ ಹೊಡೆಯುವುದು ಮಕ್ಕಳಿಗೆ ಶಿಕ್ಷೆ. ನಮ್ಮ ಹಳೆಯ ಕಟ್ಟಡಗಳ ಜಾಲಂದ್ರ ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಬಿಡಿಸಿದೆ. ಒಳಗಿನಿಂದ ಹೊರಗೆ ಕಾಣುತ್ತದೆ, ಹಗಲಿನಲ್ಲಿ ಹೊರಗಿನಿಂದ ಒಳಗೆ ಕಾಣುವುದಿಲ್ಲ. ಗಾಳಿ ಬರುತ್ತದೆ, ಬಿಸಿಲು ಮುರಿಯುತ್ತದೆ. ರಾತ್ರಿ ದೀಪ ಹಚ್ಚಿದ ಮೇಲೆ ಒಳಗೊಂದು ಪರದೆ ಎಳೆದರೆ ಸಾಕು. ಕೋಣೆಗಳೆಲ್ಲ ಅಂಗಳದ ಕಡೆಗೇ ತೆರೆದುಕೊಂಡರೆ ಮರೆಯೂ ಆಯಿತು, ವಾರ್ಡನ್‌ಗೆ ಒಂದೇ ನೋಟದಲ್ಲಿ ಎಲ್ಲವೂ ಕಂಡಂತೆಯೂ ಆಯಿತು.

ಕರೆಂಟಿನ ಲೆಕ್ಕ

ಈಗ ಸ್ಲೇಟು ತೆಗೆದುಕೊಳ್ಳೋಣ. ಗಾವಾನರಂತೆ 36 ಕೋಣೆ, ಕೋಣೆಗೆ ಮೂವರು, ಒಟ್ಟು 108 ಮಕ್ಕಳು ಎಂದಿಟ್ಟುಕೊಳ್ಳಿ. ಕೋಣೆಗೆ ಎರಡು ಫ್ಯಾನ್, ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ. ಯೂನಿಟ್‌ಗೆ 8 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿಯೋಣ.

ಸಾಮಾನ್ಯ ಫ್ಯಾನ್ ಸುಮಾರು 75 ವಾಟ್ ಎಳೆಯುತ್ತದೆ. 72 ಫ್ಯಾನ್‌ಗಳಿಗೆ ವರ್ಷಕ್ಕೆ 19,440 ಯೂನಿಟ್. ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ಅದಕ್ಕೆ 7,776 ಯೂನಿಟ್. ಉಳಿತಾಯ 11,664 ಯೂನಿಟ್, ಅಂದರೆ 93,312 ರೂಪಾಯಿ.

ಇನ್ನು ಸ್ನಾನದ ನೀರು. ಒಬ್ಬರಿಗೆ 15 ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು 0.35 ಯೂನಿಟ್ ಬೇಕು. 108 ಮಕ್ಕಳಿಗೆ 300 ದಿನಕ್ಕೆ 11,340 ಯೂನಿಟ್. ಸೋಲಾರ್ ವಾಟರ್ ಹೀಟರ್ ಇದರ ಮುಕ್ಕಾಲು ಭಾಗ ಹೊತ್ತರೂ 8,505 ಯೂನಿಟ್, 68,040 ರೂಪಾಯಿ ಉಳಿಯಿತು.

ಎರಡೂ ಸೇರಿ ವರ್ಷಕ್ಕೆ 1,61,352 ರೂಪಾಯಿ. ಈ ಹಣದಲ್ಲಿ ಎಷ್ಟು ಮಕ್ಕಳ ವರ್ಷದ ಶುಲ್ಕ ಕಟ್ಟಬಹುದು ಎಂಬುದನ್ನು ಇದೇ ವರದಿಯ ವಿದ್ಯಾರ್ಥಿವೇತನದ ಪುಟ ತಿರುವಿ ನೀವೇ ಲೆಕ್ಕ ಹಾಕಿ. ಎ.ಸಿ. ಹಾಕಿಸುತ್ತೇವೆ ಎನ್ನುವ ದಾನಿಗಳಿಗೂ ಒಂದು ಲೆಕ್ಕ: ಒಂದೂವರೆ ಟನ್ನಿನ ಒಂದು ಎ.ಸಿ. ಓಡುವಾಗ ಸುಮಾರು 1,500 ವಾಟ್ ಎಳೆಯುತ್ತದೆ. ಅದು 50 ಬಿಎಲ್‌ಡಿಸಿ ಫ್ಯಾನ್‌ಗೆ ಸಮ.

ತಾರಸಿಯ ಮೇಲೆ ಸೋಲಾರ್ ವಿದ್ಯುತ್ ಫಲಕಗಳನ್ನೂ ಇಡಬಹುದು. ಒಂದು ಕಿಲೋವಾಟ್‌ಗೆ ಸುಮಾರು 10 ಚದರ ಮೀಟರ್ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಸ್ಮಾರಕದ ನೆರೆಯಲ್ಲಿ ಮಾತ್ರ ಇದರಲ್ಲೊಂದು ಮರ್ಯಾದೆ ಪಾಲಿಸಬೇಕು. ಫಲಕಗಳು ತಗ್ಗಾಗಿ, ತಾರಸಿಯ ಅಂಚಿನಿಂದ ಒಳಗೆ, ಪ್ಯಾರಾಪೆಟ್ ಗೋಡೆಯ ಮರೆಯಲ್ಲಿ ಇರಬೇಕು. ಬೀದಿಯಲ್ಲಿ ನಿಂತು ಮಿನಾರ್ ನೋಡುವವನ ಕಣ್ಣಿಗೆ ಸಿಂಟೆಕ್ಸ್ ಟ್ಯಾಂಕು, ಪೈಪು, ಹೋರ್ಡಿಂಗ್ ಅಡ್ಡ ಬರಬಾರದು. ನಕ್ಷೆಯ ಜೊತೆಗೆ ತಾರಸಿಯ ಮೇಲೆ ಏನೇನು ಬರುತ್ತದೆ ಎಂಬುದನ್ನೂ ಅರ್ಜಿಯಲ್ಲೇ ತೋರಿಸಿಬಿಡುವುದು ಜಾಣತನ.

ಕ್ರಮ ತಪ್ಪಬಾರದು. ಮೊದಲು ನೆರಳು ಮತ್ತು ಗಾಳಿ, ಆಮೇಲೆ ಕಡಿಮೆ ಎಳೆಯುವ ಫ್ಯಾನ್ ಮತ್ತು ಎಲ್‌ಇಡಿ ದೀಪ, ಕೊನೆಗೆ ಸೋಲಾರ್ ಫಲಕ. ಸೋರುವ ಬಿಂದಿಗೆಗೆ ಎಷ್ಟು ನೀರು ಹುಯ್ದರೇನು?

ನೀರೂ ಕರೆಂಟೇ

ಬೀದರಿನಲ್ಲಿ ಬಹಮನಿ ಕಾಲದ ಇನ್ನೊಂದು ಪಾಠ ನೆಲದಡಿಯಲ್ಲಿದೆ. ನೌಬಾದ್ ಕಡೆಯ ಕರೇಜ್ ಎಂಬ ಸುರಂಗ ಕಾಲುವೆ, ಪರ್ಷಿಯಾದಿಂದ ಬಂದ ವಿದ್ಯೆ. ಅಂತರ್ಜಲ ಇರುವ ಎತ್ತರದ ಜಾಗದಿಂದ ನಿಧಾನವಾಗಿ ಇಳಿಜಾರಾಗಿ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಗಾಳಿಕಿಂಡಿ ಬಿಟ್ಟು, ನೀರು ತಾನಾಗಿ ಹರಿಯುವಂತೆ ಮಾಡಿದರು. ಪಂಪು ಇಲ್ಲ, ಕಪಿಲೆ ಎಳೆಯುವ ಎತ್ತೂ ಇಲ್ಲ.

ಇಂದು ನಾವು ಕರೇಜ್ ಕೊರೆಯಲಾರೆವು. ಆದರೆ ಕೊಳವೆಬಾವಿಯಿಂದ ಮೇಲೆತ್ತುವ ಪ್ರತಿ ಬಿಂದಿಗೆಯೂ ಕರೆಂಟು ಎಂಬುದನ್ನು ನೆನಪಿಡಬಹುದು. ಹರಿಯುವ ಹೊಳೆಯ ದಂಡೆಯಲ್ಲಿ ಕುಳಿತು ವುಝೂ ಮಾಡಿದರೂ ನೀರು ಪೋಲು ಮಾಡಬಾರದು ಎಂಬ ಪ್ರವಾದಿಯವರ (ಸ) ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಕಟ್ಟಡಕ್ಕೂ ಅದನ್ನು ಕಲಿಸಬೇಕು. ವುಝೂವಿನ ನೀರಿಗೆ ಬೇರೆ ಪೈಪು ಹಾಕಿದರೆ ಅದು ಶೌಚಾಲಯದ ಫ್ಲಶ್‌ಗೂ ಗಿಡಗಳಿಗೂ ಆಗುತ್ತದೆ. ಕಟ್ಟುವಾಗ ಈ ಪೈಪಿಗೆ ತಗಲುವ ಖರ್ಚು ಅಲ್ಪ. ಕಟ್ಟಿದ ಮೇಲೆ ಗೋಡೆ ಒಡೆಯಬೇಕು. ಅಂಗಳದಲ್ಲಿ ಬಿದ್ದ ಮಳೆನೀರನ್ನು ಸಂಪಿಗೆ ಇಳಿಸುವುದಕ್ಕೂ ಇದೇ ಮಾತು ಸಲ್ಲುತ್ತದೆ.

ವರ್ತೂರಿನಲ್ಲಿ ಇದರಿಂದೇನು ಉಪಯೋಗ?

ನಮ್ಮೂರಿನಲ್ಲಿ ಗಾವಾನರ ಮದ್ರಸಾ ಇಲ್ಲ. ಇಲ್ಲಿರುವುದು ನೊರೆ ಉಕ್ಕಿ ಸುದ್ದಿಯಾದ ಕೆರೆ, ಒಂದಕ್ಕೊಂದು ಅಂಟಿಕೊಂಡ ಪಿ.ಜಿ. ಕಟ್ಟಡಗಳು. ವಾಸನೆ, ಸೊಳ್ಳೆ ಎಂದು ಕಿಟಕಿ ಮುಚ್ಚುತ್ತಾರೆ, ಹಗಲಲ್ಲೂ ಲೈಟು ಹಚ್ಚುತ್ತಾರೆ. ಇಂಥ ಕಡೆಯೂ ದಾರಿ ಇದೆ. ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಟ್ಟಡದ ದಕ್ಷಿಣಕ್ಕೆ ನಾರುವ ಚರಂಡಿ ಇತ್ತು. ಆ ಕಡೆ ಕಿಟಕಿ ಇಡದೆ, ಎರಡು ಪದರದ ಗೋಡೆ ಕಟ್ಟಿ, ಹೊರಗೆ ಕಪ್ಪು ಕಡಪ ಕಲ್ಲು ಹೊದಿಸಿದರು. ಬಿಸಿಲಿಗೆ ಕಲ್ಲು ಕಾದಾಗ ನಡುವಿನ ಸಂದಿನ ಗಾಳಿ ಬಿಸಿಯಾಗಿ ಮೇಲೇರುತ್ತದೆ. ಆ ಸೆಳೆತಕ್ಕೆ ಉತ್ತರದ ಕಡೆಯಿಂದ ಒಳ್ಳೆಯ ಗಾಳಿ ಕಟ್ಟಡದೊಳಗೆ ಹರಿಯುತ್ತದೆ. ಚರಂಡಿಯ ನೆರೆಯಲ್ಲೂ ಕಟ್ಟಡ ಉಸಿರಾಡಬಹುದು ಎಂಬುದಕ್ಕೆ ನಮ್ಮ ನಗರದಲ್ಲೇ ಇರುವ ಸಾಕ್ಷಿ ಇದು.

ವಿದ್ಯಾರ್ಥಿವೇತನದ ಕುಟುಂಬಗಳಿಗೆ ಕಟ್ಟುವ ಅವಕಾಶವಿಲ್ಲ, ಆರಿಸುವ ಅವಕಾಶವಿದೆ. ಮಗನನ್ನೋ ಮಗಳನ್ನೋ ಹಾಸ್ಟೆಲ್‌ಗೆ, ಪಿ.ಜಿ.ಗೆ ಸೇರಿಸುವಾಗ ಈ ಐದನ್ನು ನೋಡಿ:

1. ಹಗಲು ಹನ್ನೊಂದು ಗಂಟೆಗೆ ಲೈಟು ಆರಿಸಿ, ಪುಸ್ತಕ ಓದಲು ಆಗುತ್ತದೆಯೇ ನೋಡಿ.

2. ಕಿಟಕಿ ನಿಜವಾಗಿ ತೆರೆಯುತ್ತದೆಯೇ? ತೆರೆದರೆ ಎದುರಿಗೆ ಆಕಾಶವೋ, ಪಕ್ಕದ ಕಟ್ಟಡದ ಗೋಡೆಯೋ?

3. ಕೋಣೆಯಲ್ಲಿ ಗಾಳಿ ಒಳಬರುವುದಕ್ಕೂ ಹೊರಹೋಗುವುದಕ್ಕೂ ಬೇರೆ ಬೇರೆ ದಾರಿ ಇದೆಯೇ? ಸೊಳ್ಳೆ ಪರದೆ ಇದೆಯೇ?

4. ಮೇಲಂತಸ್ತಿನ ಕೋಣೆಯಾದರೆ ಸಂಜೆ ಆರರ ಮೇಲೆ ಹೋಗಿ ಚಾವಣಿ ಎಷ್ಟು ಕಾದಿದೆ ಎಂದು ನೋಡಿ.

5. ಕರೆಂಟಿನ ಹಣ ಬಾಡಿಗೆಯಲ್ಲೇ ಸೇರಿದೆಯೋ, ಬೇರೆಯೋ ಎಂದು ಬರೆಸಿಕೊಳ್ಳಿ.

ದಾನಿಗಳಲ್ಲಿ ಒಂದು ವಿನಂತಿ

ಝಕಾತ್ ಹಣವನ್ನು ಕಟ್ಟಡ ಕಟ್ಟಲು ಬಳಸಬಾರದು, ಅದು ಅರ್ಹ ವ್ಯಕ್ತಿಯ ಕೈಗೇ ಸೇರಬೇಕು ಎಂಬುದು ಬಹುಪಾಲು ಉಲಮಾಗಳ ಅಭಿಪ್ರಾಯ. ಹಾಗಾಗಿ ಹಾಸ್ಟೆಲ್ ಕಟ್ಟುವುದಕ್ಕೂ ಅದನ್ನು ನಡೆಸುವುದಕ್ಕೂ ಸದಕಾ ಮತ್ತು ಸಾಮಾನ್ಯ ದೇಣಿಗೆಯೇ ಆಧಾರ. ಆ ಹಣ ಯಾವಾಗಲೂ ಕಡಿಮೆ. ಕರೆಂಟು ಬಿಲ್ಲಿಗೆ ಹೋದ ಪ್ರತಿ ರೂಪಾಯಿಯೂ ಊಟದ ತಟ್ಟೆಯಿಂದಲೋ ಪುಸ್ತಕದಿಂದಲೋ ಹೋದದ್ದು.

ಆದ್ದರಿಂದ ಯಾರೇ ಹಾಸ್ಟೆಲ್‌ಗೆಂದು ದೇಣಿಗೆ ಕೇಳಿದರೂ, ನಮ್ಮ ಟ್ರಸ್ಟ್ ಕೇಳಿದರೂ ಸೇರಿ, ನಾಲ್ಕು ಕಾಗದ ತೋರಿಸಲು ಹೇಳಿ: ನಿವೇಶನದ ದಾಖಲೆ, ಸ್ಮಾರಕದ ನೆರೆಯಾದರೆ ಅನುಮತಿ ಪತ್ರ, ದಿಕ್ಕು ಗುರುತಿಸಿದ ನಕ್ಷೆ, ಮತ್ತು ಕಟ್ಟಿದ ಮೇಲೆ ವರ್ಷಕ್ಕೆ ತಗಲುವ ಖರ್ಚಿನ ಅಂದಾಜು. ಮೊದಲ ಮೂರನ್ನು ಕೆಲವರಾದರೂ ತೋರಿಸುತ್ತಾರೆ. ನಾಲ್ಕನೆಯದನ್ನು ಕೇಳುವವರೇ ಇಲ್ಲ. ಅದನ್ನು ಕೇಳುವ ರೂಢಿ ನಿಮ್ಮಿಂದ ಶುರುವಾಗಲಿ.

ಅಮೃತಶಿಲೆಯ ಫಲಕದ ಮೇಲೆ ಹೆಸರು ಕೆತ್ತಿಸುವ ದಾನಿಗಳು ಬಹಳ. ಬಿಳಿ ತಾರಸಿಗೆ, 72 ಫ್ಯಾನ್‌ಗೆ, ವುಝೂವಿನ ನೀರಿನ ಪೈಪಿಗೆ ಕೊಟ್ಟವರ ಹೆಸರು ಯಾರ ಕಣ್ಣಿಗೂ ಬೀಳಲಿಕ್ಕಿಲ್ಲ. ಆದರೆ ಸದಕಾ ಜಾರಿಯಾ ಎಂದರೆ ಹರಿಯುತ್ತಲೇ ಇರುವ ದಾನ. ಪ್ರತಿ ರಾತ್ರಿ ಮಕ್ಕಳು ಬೆವರದೆ ಮಲಗಿ, ಫಜ್ರ್‌ಗೆ ಎದ್ದು, ಲೈಟು ಹಚ್ಚದೆ ಕಿಟಕಿಯ ಬೆಳಕಿನಲ್ಲಿ ಓದಲು ಕುಳಿತರೆ ಆ ದಾನ ಹರಿಯುತ್ತಿದೆ ಎಂದೇ ಅರ್ಥ. ಅಲ್ಲಾಹನು ನಿಮ್ಮೆಲ್ಲರ ದಾನವನ್ನು ಸ್ವೀಕರಿಸಲಿ. ಆಮೀನ್.